ಒಂದು ಭುಜ, ಹಲವು ದೇಶ, ನಮ್ಮ ಮನೆಗೆ ಬಂದ ಬಿಲ್

ಅಮೆರಿಕದ ಯಾವುದೇ ಕನ್ನಡ ಕೂಟಕ್ಕೆ ಹೋಗಿ, ಯುಗಾದಿ ಊಟದ ಸಾಲಿನಲ್ಲಿ ನಿಂತು, "ಮುಂದಿನ ತಿಂಗಳು ಅಪ್ಪ ಅಮ್ಮ ಬರ್ತಿದ್ದಾರೆ" ಅಂತ ಹೇಳಿ ನೋಡಿ. ಪಕ್ಕದವರು "ಓಹ್, ಸಂತೋಷ" ಅಂತಾರೆ. ಆ ಸಂತೋಷದ ಬೆನ್ನಿಗೇ ಇನ್ನೊಂದು ಮಾತು ಬಂದೇ ಬರುತ್ತೆ: "ಇನ್ಶೂರೆನ್ಸ್ ಯಾವುದು ತಗೊಂಡ್ರಿ?" ಆಮೇಲೆ ಸಲಹೆಗಳ ಸುರಿಮಳೆ. ಒಬ್ಬರು "ಹಲ್ಲು, ಕಣ್ಣು ಎಲ್ಲ ಅಲ್ಲೇ ತೋರಿಸಿಕೊಂಡು ಬರೋಕೆ ಹೇಳಿ" ಅಂತಾರೆ. ಇನ್ನೊಬ್ಬರು "ಆರು ತಿಂಗಳ ಮಾತ್ರೆ ಕಟ್ಟಿಸಿಕೊಂಡು ಬರಲಿ" ಅಂತಾರೆ. ಮೂರನೆಯವರು ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿಕೊಳ್ಳುತ್ತಾ, "ಆ ಇನ್ಶೂರೆನ್ಸ್ ತಗೊಂಡ್ರೂ ಒಂದೇ, ಬಿಟ್ರೂ ಒಂದೇ ಬಿಡಿ" ಅಂತ ಮುಗಿಸ್ತಾರೆ.

ಯೋಚನೆ ಮಾಡಿದರೆ ವಿಚಿತ್ರ ಅನ್ನಿಸುತ್ತೆ. ಆರೋಗ್ಯಕ್ಕಾಗಿ ಜಗತ್ತಿನಲ್ಲೇ ಅತಿ ಹೆಚ್ಚು ಹಣ ಖರ್ಚು ಮಾಡುವ ದೇಶಕ್ಕೆ ಬರುವವರಿಗೆ ನಾವು ತುಮಕೂರಿನಿಂದ ಮಾತ್ರೆ ತರೋಕೆ ಹೇಳ್ತೀವಿ.

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲೂ ಇದೇ ಆಯ್ತು. ಅಮ್ಮ ಬಂದು ಮೂರು ವಾರ ಆಗಿತ್ತು. ಒಂದು ರಾತ್ರಿ ಹೊಟ್ಟೆನೋವು. ಮೊದಲು ಜೀರಿಗೆ ಕಷಾಯ, ಆಮೇಲೆ ಓಂಕಾಳು, ಕೊನೆಗೆ ರಾತ್ರಿ ಎರಡು ಗಂಟೆಗೆ ಎಮರ್ಜೆನ್ಸಿ. ಪಿತ್ತಕೋಶದಲ್ಲಿ ಕಲ್ಲು. ಸ್ಕ್ಯಾನ್, ರಕ್ತ ಪರೀಕ್ಷೆ, ಡ್ರಿಪ್ಸ್, ಒಂದು ದಿನದ ಹಾಸಿಗೆ. ನೋವು ಇಳಿದ ಮೇಲೆ ಆಪರೇಷನ್ ಮಾಡದೇ ಮನೆಗೆ ಕಳಿಸಿದರು. ಡಾಕ್ಟರು, ನರ್ಸುಗಳು ತುಂಬಾ ಚೆನ್ನಾಗಿ ನೋಡಿಕೊಂಡರು, ಆ ವಿಷಯದಲ್ಲಿ ಒಂದು ಮಾತೂ ಆಡುವಂತಿಲ್ಲ. ಆರು ವಾರದ ನಂತರ ಬಿಲ್ ಬಂತು: 18,400 ಡಾಲರ್. ವಿಸಿಟರ್ ಇನ್ಶೂರೆನ್ಸ್ ಕಂಪನಿಯವರು, "ಕಲ್ಲು ಪಾಲಿಸಿಗಿಂತ ಮೊದಲೇ ಇದ್ದಿರಬೇಕು, ಹಾಗಾಗಿ ಕೊಡೋಕಾಗಲ್ಲ" ಅಂತ ಕಾಗದ ಕಳಿಸಿದರು. ನಾನು ಆಸ್ಪತ್ರೆಯ ಬಿಲ್ಲಿಂಗ್ ಆಫೀಸಿಗೆ ಫೋನ್ ಮಾಡಿದೆ. ಇನ್ಶೂರೆನ್ಸ್ ಇಲ್ಲದವರಿಗೆ ಬೇರೆ ದರ ಇದೆ, 11,000 ಅಂದರು. ಒಂದೇ ಸಲಕ್ಕೆ ಕಟ್ಟಿಬಿಟ್ಟರೆ? ಐದು ನಿಮಿಷ ಹೋಲ್ಡ್‌ನಲ್ಲಿಟ್ಟು, 6,200 ಅಂದರು.

ಅಮ್ಮ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಳ್ತಿದ್ದಳು. ಫೋನ್ ಇಟ್ಟ ಮೇಲೆ ಕೇಳಿದಳು: "ಅದೇ ಹೊಟ್ಟೆ, ಅದೇ ಮಿಷಿನ್ನು. ಹಾಗಾದ್ರೆ ನಿಜವಾದ ರೇಟು ಎಷ್ಟೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಉತ್ತರ ಹುಡುಕುತ್ತಾ ಹಳೆಯ ಪುಸ್ತಕವೊಂದನ್ನು ಮತ್ತೆ ಓದಿದೆ. ಪಾಡ್‌ಕಾಸ್ಟಿನಲ್ಲಿ ಹೇಳೋಕೆ ಸಮಯ ಸಾಲದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಭುಜ ತೋರಿಸಲು ಹೊರಟ ಪತ್ರಕರ್ತ

ಪುಸ್ತಕದ ಹೆಸರು 'ದಿ ಹೀಲಿಂಗ್ ಆಫ್ ಅಮೆರಿಕ'. ಬರೆದವರು ಟಿ. ಆರ್. ರೀಡ್. ವಾಷಿಂಗ್ಟನ್ ಪೋಸ್ಟ್ ಪತ್ರಿಕೆಗಾಗಿ ಟೋಕಿಯೋ ಮತ್ತು ಲಂಡನ್‌ನಲ್ಲಿದ್ದು ವರದಿ ಮಾಡಿದವರು. ಪುಸ್ತಕ ಪ್ರಕಟವಾದದ್ದು 2009ರಲ್ಲಿ, ಅಂದರೆ 'ಒಬಾಮಾಕೇರ್' ಅಂತ ನಾವೆಲ್ಲ ಕರೆಯುವ ಕಾನೂನು ಬರುವ ಒಂದು ವರ್ಷ ಮೊದಲು. ಅದಕ್ಕೂ ಒಂದು ವರ್ಷ ಹಿಂದೆ ಇದೇ ವಿಷಯದ ಮೇಲೆ ಅವರು ಪಿಬಿಎಸ್ ವಾಹಿನಿಗೆ ಒಂದು ಸಾಕ್ಷ್ಯಚಿತ್ರವನ್ನೂ ಮಾಡಿದ್ದರು.

ಪುಸ್ತಕದ ಉಪಾಯ ಸರಳ. ಹರೆಯದಲ್ಲಿ ನೌಕಾಪಡೆಯಲ್ಲಿದ್ದಾಗ ರೀಡ್ ಅವರ ಭುಜಕ್ಕೆ ಪೆಟ್ಟಾಗಿತ್ತು. ವಯಸ್ಸಾದಂತೆ ಕೈ ಎತ್ತುವುದೇ ಕಷ್ಟವಾಯಿತು. ಅಮೆರಿಕದ ವೈದ್ಯರು ಭುಜದ ಕೀಲನ್ನೇ ಬದಲಾಯಿಸೋಣ ಅಂದರು. ಇವರು ಅದೇ ಭುಜವನ್ನು ಫ್ರಾನ್ಸ್, ಜರ್ಮನಿ, ಜಪಾನ್, ಬ್ರಿಟನ್, ಕೆನಡಾ ಮತ್ತು ಭಾರತದ ವೈದ್ಯರಿಗೆ ತೋರಿಸಲು ಹೊರಟರು. ಒಂದು ಕಡೆ ಬೇಕೆಂದರೆ ಬೇಗನೆ ಆಪರೇಷನ್ ಮಾಡೋಣ ಅಂತಾರೆ. ಇನ್ನೊಂದು ಕಡೆ ಇಷ್ಟಕ್ಕೆಲ್ಲ ಆಪರೇಷನ್ ಬೇಡ, ಸಹಿಸಿಕೊಳ್ಳಿ ಅಂತಾರೆ. ಕೆನಡಾದಲ್ಲಿ ತಜ್ಞರನ್ನು ನೋಡೋಕೇ ತಿಂಗಳುಗಟ್ಟಲೆ ಕಾಯಬೇಕು. ಪ್ರತಿ ಕ್ಲಿನಿಕ್ಕಿನಲ್ಲಿ ರೀಡ್ ಎರಡು ವಿಷಯ ನೋಡುತ್ತಾರೆ: ಚಿಕಿತ್ಸೆ ಏನು, ದುಡ್ಡು ಯಾರು ಕೊಡ್ತಾರೆ.

ಭಾಷೆ ಹಗುರ, ಹಾಸ್ಯ ಇದೆ, ಅಂಕಿಅಂಶಗಳ ಭಾರ ಇಲ್ಲ. ವಿಷಯ ಹೊಸದು ಅನ್ನಿಸುವವರೂ ಒಂದು ವಾರಾಂತ್ಯದಲ್ಲಿ ಓದಿ ಮುಗಿಸಬಹುದು. ಇದರಲ್ಲಿ ಒಪ್ಪುವಂಥದ್ದು ಬಹಳಷ್ಟಿದೆ. ನಮ್ಮಂಥ ಓದುಗರಿಗೆ ಚುಚ್ಚುವ ಕೊರತೆಗಳೂ ಇವೆ. ಎರಡನ್ನೂ ಹೇಳ್ತೀನಿ.

ನಾಲ್ಕು ದಾರಿ

ಪುಸ್ತಕದ ಬೆನ್ನೆಲುಬು ಅಂದರೆ ನಾಲ್ಕು ಮಾದರಿಗಳ ವಿವರಣೆ.

ಮೊದಲನೆಯದು ಜರ್ಮನಿಯದು. 1883ರಲ್ಲಿ ಬಿಸ್ಮಾರ್ಕ್ ಕಾಲದಲ್ಲಿ ಶುರುವಾದ ಪದ್ಧತಿ. ಕೆಲಸಗಾರ ಮತ್ತು ಮಾಲೀಕ ಇಬ್ಬರೂ ಸೇರಿ ವಿಮಾ ನಿಧಿಗೆ ಹಣ ಕಟ್ಟುತ್ತಾರೆ. ಕೇಳೋಕೆ ನಮ್ಮ ಕಂಪನಿ ಇನ್ಶೂರೆನ್ಸ್ ಥರಾನೇ ಇದೆ ಅಲ್ವಾ? ಆದರೆ ಮುಖ್ಯ ವ್ಯತ್ಯಾಸ ಒಂದಿದೆ. ಆ ನಿಧಿಗಳು ಲಾಭಕ್ಕಾಗಿ ನಡೆಯುವುದಿಲ್ಲ. ಕೆಲಸ ಹೋದರೂ ವಿಮೆ ಹೋಗುವುದಿಲ್ಲ.

ಎರಡನೆಯದು ಬ್ರಿಟನ್ನಿನದು. ಬೆವರಿಜ್ ವರದಿ ಬಂದದ್ದು 1942ರಲ್ಲಿ, ಯುದ್ಧದ ನಡುವೆ. ಆರೋಗ್ಯ ಮಂತ್ರಿ ಅನೈರಿನ್ ಬೆವನ್ ಅದನ್ನು ಕಾರ್ಯರೂಪಕ್ಕೆ ತಂದು, 1948ರ ಜುಲೈ 5ರಂದು ಎನ್‌ಎಚ್‌ಎಸ್ ಶುರುವಾಯಿತು. ತೆರಿಗೆ ಹಣದಿಂದ ನಡೆಯುತ್ತೆ. ಡಾಕ್ಟರ ಹತ್ತಿರ ಹೋದರೆ ಬಿಲ್ ಅನ್ನೋದೇ ಇಲ್ಲ.

ಮೂರನೆಯದು ಕೆನಡಾದ್ದು. ವೈದ್ಯರು ಖಾಸಗಿ, ಹಣ ಕೊಡುವುದು ಸರಕಾರದ ವಿಮೆ. ಇದರ ಮೂಲ ಸಸ್ಕ್ಯಾಚೆವಾನ್ ಎಂಬ ಗೋಧಿ ಬೆಳೆಯುವ ಪ್ರಾಂತ್ಯದಲ್ಲಿದೆ. ಅಲ್ಲಿನ ನಾಯಕ ಟಾಮಿ ಡಗ್ಲಸ್ ಹುಡುಗನಾಗಿದ್ದಾಗ ಕಾಲಿನ ಮೂಳೆಗೆ ಸೋಂಕು ತಗುಲಿತ್ತು. ಮನೆಯಲ್ಲಿ ದುಡ್ಡಿರಲಿಲ್ಲ. ಶಸ್ತ್ರಚಿಕಿತ್ಸಕರೊಬ್ಬರು ತಮ್ಮ ವಿದ್ಯಾರ್ಥಿಗಳಿಗೆ ನೋಡಲು ಬಿಡುವುದಾದರೆ ಉಚಿತವಾಗಿ ಮಾಡುತ್ತೇನೆ ಅಂದದ್ದರಿಂದ ಕಾಲು ಉಳಿಯಿತು. ನನ್ನ ಕಾಲು ಉಳಿದದ್ದು ಅದೃಷ್ಟದಿಂದ, ಹಾಗಾಗಬಾರದು ಅಂತ ಡಗ್ಲಸ್ ಜೀವನವಿಡೀ ಹೇಳುತ್ತಿದ್ದರು. 1962ರಲ್ಲಿ ಆ ಪ್ರಾಂತ್ಯದಲ್ಲಿ ಎಲ್ಲರಿಗೂ ವಿಮೆ ಬಂದಾಗ ವೈದ್ಯರು ಮೂರು ವಾರಕ್ಕೂ ಹೆಚ್ಚು ಕಾಲ ಮುಷ್ಕರ ಹೂಡಿದರು. ಯೋಜನೆ ಉಳಿಯಿತು. 1966ರಲ್ಲಿ ಕಾನೂನಾಗಿ ಇಡೀ ಕೆನಡಾಕ್ಕೆ ಹರಡಿತು.

ನಾಲ್ಕನೆಯದು ಮಾದರಿಯೇ ಅಲ್ಲ. ಕೈಯಲ್ಲಿ ಕಾಸಿದ್ದರೆ ಚಿಕಿತ್ಸೆ, ಇಲ್ಲದಿದ್ದರೆ ಇಲ್ಲ. ಬಡ ದೇಶಗಳ ಬಹುಪಾಲು ಜನರ ಪಾಡು ಇದು ಅಂತ ರೀಡ್ ಹೇಳುತ್ತಾರೆ. ಭಾರತವನ್ನು ಇಟ್ಟಿರುವುದೂ ಈ ಸಾಲಿನಲ್ಲೇ.

ಇಷ್ಟು ಹೇಳಿ ರೀಡ್ ತೋರಿಸುವ ವಿಷಯ ನಿಜಕ್ಕೂ ಕಣ್ಣು ತೆರೆಸುವಂಥದ್ದು. ಅಮೆರಿಕದಲ್ಲಿ ಈ ನಾಲ್ಕೂ ಒಟ್ಟಿಗೇ ಇವೆ. ನೀವು ಮಾಜಿ ಸೈನಿಕರಾದರೆ ಬ್ರಿಟನ್ನಿನಲ್ಲಿದ್ದಂತೆ, ಸರಕಾರದ್ದೇ ಆಸ್ಪತ್ರೆ. 65 ದಾಟಿದರೆ ಕೆನಡಾದಲ್ಲಿದ್ದಂತೆ, ಮೆಡಿಕೇರ್. ಕಂಪನಿ ಕೆಲಸದಲ್ಲಿದ್ದರೆ ಹೆಚ್ಚುಕಡಿಮೆ ಜರ್ಮನಿಯಲ್ಲಿದ್ದಂತೆ. ಇದ್ಯಾವುದೂ ಇಲ್ಲದಿದ್ದರೆ ನಾಲ್ಕನೇ ಸಾಲು. ಬೇರೆ ಶ್ರೀಮಂತ ದೇಶಗಳು ಎಲ್ಲರಿಗೂ ಒಂದೇ ವ್ಯವಸ್ಥೆ ಅಂತ ಆರಿಸಿಕೊಂಡವು, ಅಮೆರಿಕ ಜನರನ್ನು ವಿಂಗಡಿಸಿ ಬೇರೆ ಬೇರೆ ಪೆಟ್ಟಿಗೆಗೆ ಹಾಕಿತು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅಂತ ನಮ್ಮಲ್ಲಿ ಗಾದೆ ಇದೆಯಲ್ಲ, ಹಾಗೆ.

ಇದು ಯಾರೋ ಕೂತು ಯೋಚಿಸಿ ಮಾಡಿದ ಯೋಜನೆಯೂ ಅಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಸಂಬಳ ಏರಿಸಬಾರದು ಅಂತ ಸರಕಾರ ನಿರ್ಬಂಧ ಹಾಕಿತ್ತು. ಕೆಲಸಗಾರರನ್ನು ಸೆಳೆಯಲು ಕಂಪನಿಗಳು ಸಂಬಳದ ಬದಲು ವಿಮೆ ಕೊಡತೊಡಗಿದವು. 1954ರಲ್ಲಿ ಅದಕ್ಕೆ ತೆರಿಗೆ ಇಲ್ಲ ಅಂತ ಕಾನೂನಿನಲ್ಲೇ ಸೇರಿತು. ಹಾಗೆ ಬಿದ್ದ ಗಂಟು ಇವತ್ತಿಗೂ ಬಿಚ್ಚಿಲ್ಲ. ನಮ್ಮಲ್ಲಿ ಎಷ್ಟೋ ಜನಕ್ಕೆ ಕೆಲಸ, ವೀಸಾ, ಆರೋಗ್ಯ ಮೂರೂ ಒಂದೇ ಹಗ್ಗದಲ್ಲಿ ಕಟ್ಟಿಕೊಂಡಿರೋದು ಇದರಿಂದಲೇ.

ಅಮ್ಮನ ಪ್ರಶ್ನೆಗೆ ಜಪಾನಿನ ಉತ್ತರ

"ನಿಜವಾದ ರೇಟು ಎಷ್ಟೋ?" ಅನ್ನೋ ಪ್ರಶ್ನೆಗೆ ಪುಸ್ತಕದಲ್ಲಿ ಸಿಗುವ ಅತ್ಯಂತ ನೇರ ಉತ್ತರ ಜಪಾನಿನದು. 1961ರಿಂದ ಅಲ್ಲಿ ಎಲ್ಲರಿಗೂ ವಿಮೆ ಇದೆ. ಆಸ್ಪತ್ರೆಗಳು, ಕ್ಲಿನಿಕ್ಕುಗಳು ಹೆಚ್ಚಿನವು ಖಾಸಗಿ. ಆದರೆ ಪ್ರತಿ ಚಿಕಿತ್ಸೆಗೆ, ಪ್ರತಿ ಪರೀಕ್ಷೆಗೆ ಒಂದೇ ದರಪಟ್ಟಿ. ಎರಡು ವರ್ಷಕ್ಕೊಮ್ಮೆ ಸರಕಾರ ಅದನ್ನು ಪರಿಷ್ಕರಿಸುತ್ತೆ. ಟೋಕಿಯೋದ ದೊಡ್ಡ ಆಸ್ಪತ್ರೆಯಾಗಲಿ, ಹಳ್ಳಿಯ ಸಣ್ಣ ಕ್ಲಿನಿಕ್ಕಾಗಲಿ, ದರ ಅದೇ. ಅಮೆರಿಕದಲ್ಲಿ 1,200 ಡಾಲರ್ ಆಗುವ ಎಂಆರ್‌ಐ ಜಪಾನಿನಲ್ಲಿ 98 ಡಾಲರ್ ಅಂತ ರೀಡ್ ತಮ್ಮ ಸಾಕ್ಷ್ಯಚಿತ್ರದಲ್ಲಿ ತೋರಿಸಿದ್ದರು.

ಅಮೆರಿಕದಲ್ಲೂ 2021ರಿಂದ ಆಸ್ಪತ್ರೆಗಳು ತಮ್ಮ ದರಗಳನ್ನು ಬಹಿರಂಗಪಡಿಸಬೇಕು ಅಂತ ನಿಯಮ ಬಂದಿದೆ. ಒಳ್ಳೆಯದೇ. ಆದರೆ ಆ ಪಟ್ಟಿ ತೆಗೆದು ನೋಡಿದರೆ ಒಂದೇ ಆಸ್ಪತ್ರೆಯಲ್ಲಿ ಒಂದೇ ಸ್ಕ್ಯಾನಿಗೆ ಒಂದೊಂದು ಇನ್ಶೂರೆನ್ಸ್ ಕಂಪನಿಗೆ ಒಂದೊಂದು ದರ. ಯಾವ ಕಂಪನಿಗೆ ಎಷ್ಟು ಬಲವೋ ಅಷ್ಟು ಕಡಿಮೆ ದರ. ಎಲ್ಲಕ್ಕಿಂತ ಬಲ ಕಡಿಮೆ ಯಾರಿಗೆ? ಹೊಟ್ಟೆ ಹಿಡಿದುಕೊಂಡು ರಾತ್ರಿ ಎರಡು ಗಂಟೆಗೆ ಬರುವ ಒಂಟಿ ಮನುಷ್ಯನಿಗೆ. ನನಗೆ ಫೋನಿನಲ್ಲಿ 18,400ರಿಂದ 6,200ಕ್ಕೆ ಇಳಿಸಿಕೊಟ್ಟದ್ದು ಔದಾರ್ಯ ಅಂತ ಆಗ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಇಂಗ್ಲಿಷ್ ಬಾರದ, ಹೋಲ್ಡ್‌ನಲ್ಲಿ ಕಾಯೋಕೆ ಪುರುಸೊತ್ತಿಲ್ಲದ, ಕೇಳಬಹುದು ಅನ್ನೋದೇ ಗೊತ್ತಿಲ್ಲದ ಒಬ್ಬರು 18,400 ಕಟ್ಟಿರುತ್ತಾರೆ, ಇಲ್ಲವೇ ಸಾಲಗಾರರಾಗಿರುತ್ತಾರೆ.

ಇಲ್ಲಿ ಪುಸ್ತಕದ ಬಹು ಮುಖ್ಯ ವಾದ ಬರುತ್ತೆ. ಕೈಗೆಟುಕುವ ಚಿಕಿತ್ಸೆ ಅನ್ನೋದು ಮೊದಲು ಲೆಕ್ಕಾಚಾರದ ಪ್ರಶ್ನೆ ಅಲ್ಲ, ನೀತಿಯ ಪ್ರಶ್ನೆ ಅಂತ ರೀಡ್ ವಾದಿಸುತ್ತಾರೆ. ಕಾಯಿಲೆ ಬಿದ್ದ ಪ್ರತಿಯೊಬ್ಬರಿಗೂ ಚಿಕಿತ್ಸೆ ಸಿಗಬೇಕೋ ಬೇಡವೋ? ಇದಕ್ಕೆ 'ಹೌದು' ಅಂದ ದೇಶಗಳು ಒಂದೊಂದು ಥರದಲ್ಲಿ ದಾರಿ ಹುಡುಕಿಕೊಂಡವು. ಅಮೆರಿಕ ಆ ಪ್ರಶ್ನೆಯನ್ನು ನೇರವಾಗಿ ಕೇಳಿಕೊಳ್ಳದೆ ವಿಧಾನಗಳ ಬಗ್ಗೆಯೇ ಜಗಳ ಆಡುತ್ತಿದೆ.

ಈ ಮಾತನ್ನು ನಾನು ಒಪ್ಪುತ್ತೇನೆ. ಆದರೆ ರೀಡ್ ನೀತಿ ಮತ್ತು ದರ ಎರಡನ್ನೂ ಬೇರೆ ಬೇರೆ ಅಧ್ಯಾಯದಲ್ಲಿ ಇಟ್ಟಿದ್ದಾರೆ. ನನಗೆ ಅವೆರಡೂ ಒಂದೇ ಅನ್ನಿಸುತ್ತೆ. ಎಲ್ಲರೂ ಒಂದೇ ದೋಣಿಯಲ್ಲಿ ಕೂತಾಗ ಮಾತ್ರ ಅಂಬಿಗನ ಹತ್ತಿರ ದರ ಮಾತಾಡೋಕೆ ಆಗೋದು. ಒಬ್ಬೊಬ್ಬರೇ ಹೋದರೆ ಅವನು ಕೇಳಿದ್ದೇ ದರ. 'ಎಲ್ಲರಿಗೂ' ಅನ್ನೋ ಮಾತು ಬರೀ ದಯೆಯ ಮಾತಲ್ಲ, ಬೆಲೆ ಇಳಿಸುವ ಉಪಾಯವೂ ಹೌದು. ಅಮೆರಿಕದಲ್ಲೇ ಇದಕ್ಕೆ ಸಾಕ್ಷಿ ಇದೆ. ಮೆಡಿಕೇರ್ ಔಷಧಿಗಳ ಬೆಲೆಯ ಬಗ್ಗೆ ಕಂಪನಿಗಳ ಜೊತೆ ಚೌಕಾಸಿ ಮಾಡಬಾರದು ಅಂತ 2003ರ ಕಾನೂನು ಹೇಳಿತ್ತು. 2022ರಲ್ಲಿ ಅದನ್ನು ಬದಲಿಸಿ ಕೆಲವು ಔಷಧಿಗಳಿಗೆ ಚೌಕಾಸಿಗೆ ಅವಕಾಶ ಕೊಟ್ಟರು. ಮೆಡಿಕೇರ್‌ನಲ್ಲಿರುವವರಿಗೆ ಇನ್ಸುಲಿನ್ ತಿಂಗಳಿಗೆ 35 ಡಾಲರಿಗಿಂತ ಹೆಚ್ಚಾಗಬಾರದು ಅಂತ ಮಿತಿ ಬಂತು. ಔಷಧಿ ಅದೇ, ಕಂಪನಿಗಳೂ ಅವೇ. ಬದಲಾದದ್ದು ಕಾನೂನು.

ಕೊಯಮತ್ತೂರಿಗೆ ಹೋದವರು ಗಡಿ ದಾಟಲಿಲ್ಲ

ಈಗ ಪುಸ್ತಕದ ಜೊತೆ ನನ್ನ ಜಗಳ.

ರೀಡ್ ಭಾರತಕ್ಕೆ ಬರುತ್ತಾರೆ. ಎಲ್ಲಿಗೆ? ಕೊಯಮತ್ತೂರಿನ ಒಂದು ಹೆಸರಾಂತ ಆಯುರ್ವೇದ ಚಿಕಿತ್ಸಾಲಯಕ್ಕೆ. ಎಣ್ಣೆ ಅಭ್ಯಂಗ, ಕಷಾಯ, ಧ್ಯಾನ. ಕೆಲವು ವಾರಗಳಲ್ಲಿ ಅವರ ಭುಜದ ನೋವು ಕಡಿಮೆಯಾಗುತ್ತೆ. ಅವರೇ ಆಶ್ಚರ್ಯಪಡುತ್ತಾರೆ. ಓದೋಕೆ ಚೆನ್ನಾಗಿದೆ, ನಮಗೂ ಒಂದಿಷ್ಟು ಹೆಮ್ಮೆ ಅನ್ನಿಸುತ್ತೆ. ಆದರೆ ಇದು ಭಾರತದ ಆರೋಗ್ಯ ವ್ಯವಸ್ಥೆಯ ಚಿತ್ರವೇ? ಜರ್ಮನಿಗೆ ಹೋದಾಗ ವಿಮಾ ನಿಧಿ, ಜಪಾನಿಗೆ ಹೋದಾಗ ದರಪಟ್ಟಿ, ಭಾರತಕ್ಕೆ ಬಂದಾಗ ಎಣ್ಣೆ. ಬೇರೆ ದೇಶಗಳಿಂದ ಕಲಿಯೋಕೆ ಅವರಿಗೆ ವ್ಯವಸ್ಥೆ ಸಿಕ್ಕಿತು, ನಮ್ಮಿಂದ ಬರೀ ಅನುಭವ ಸಿಕ್ಕಿತು.

ಕೊಯಮತ್ತೂರಿನಿಂದ ಗಡಿ ದಾಟಿ ಚಾಮರಾಜನಗರದ ಕಡೆ ಬಂದಿದ್ದರೆ ಅವರ ಪುಸ್ತಕಕ್ಕೆ ಬೇಕಾದ ಒಳ್ಳೆಯ ಉದಾಹರಣೆಯೇ ಸಿಗುತ್ತಿತ್ತು. 2003ರಲ್ಲಿ ಕರ್ನಾಟಕದಲ್ಲಿ 'ಯಶಸ್ವಿನಿ' ಶುರುವಾಗಿತ್ತು. ಸಹಕಾರ ಸಂಘಗಳ ಸದಸ್ಯರಾದ ರೈತರಿಗಾಗಿ ಮಾಡಿದ ಆರೋಗ್ಯ ಯೋಜನೆ ಅದು. ಹೃದ್ರೋಗ ತಜ್ಞ ಡಾ. ದೇವಿ ಶೆಟ್ಟಿ ಅದರ ಹಿಂದಿದ್ದವರಲ್ಲಿ ಒಬ್ಬರು. ಸರಕಾರವೂ ಕೈ ಜೋಡಿಸಿತ್ತು. ಒಬ್ಬರಿಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60 ರೂಪಾಯಿ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಹಾಲಿನ ಸೊಸೈಟಿ, ವ್ಯವಸಾಯ ಸೇವಾ ಸಹಕಾರ ಸಂಘ, ಹೀಗೆ ಹಳ್ಳಿಯಲ್ಲಿ ಮೊದಲೇ ಇದ್ದ ಜಾಲದ ಮೂಲಕವೇ ಹಣ ಸಂಗ್ರಹವಾಯಿತು.

ಅಷ್ಟು ಜನ ಒಟ್ಟಾದಾಗ ಏನಾಯಿತು ನೋಡಿ. ಯೋಜನೆಯಲ್ಲಿ ಸೇರಿದ ಆಸ್ಪತ್ರೆಗಳು ಪ್ರತಿ ಶಸ್ತ್ರಚಿಕಿತ್ಸೆಗೆ ಮೊದಲೇ ಒಪ್ಪಿಕೊಂಡ ದರಕ್ಕೆ ಕೆಲಸ ಮಾಡಬೇಕಾಯಿತು. ರೈತ ಕಾರ್ಡ್ ತೋರಿಸಿ ದಾಖಲಾದರೆ ಸಾಕು, ಹಣ ಯೋಜನೆಯಿಂದ ನೇರವಾಗಿ ಆಸ್ಪತ್ರೆಗೆ. ಹನಿ ಹನಿ ಕೂಡಿದರೆ ಹಳ್ಳ ಅಂತ ನಾವು ಶಾಲೆಯಲ್ಲಿ ಕಲಿತದ್ದು ಇದೇ ತಾನೇ? ಜಪಾನಿನ ಸರಕಾರ ಮಾಡಿದ್ದನ್ನು ಸಣ್ಣ ಪ್ರಮಾಣದಲ್ಲಿ ನಮ್ಮ ಹಾಲಿನ ಸೊಸೈಟಿಗಳು ಮಾಡಿದ್ದವು. ಎಲ್ಲರೂ ಸೇರಿ, ಒಂದು ದರ.

ನಮ್ಮ ಸೋದರಮಾವ ಹಾಲಿನ ಸೊಸೈಟಿ ಸದಸ್ಯ. ಹರ್ನಿಯಾ ಆಪರೇಷನ್ ಆ ಕಾರ್ಡಿನಲ್ಲೇ ಆಗಿತ್ತು. ಬಿಲ್ ಬಂದ ದಿನ ಅಮ್ಮ ಅದನ್ನೇ ನೆನಪು ಮಾಡಿದ್ದಳು: "ನಿಮ್ಮ ಮಾವ ಚೌಕಾಸಿ ಮಾಡಿರಲಿಲ್ಲಪ್ಪ. ಕಾರ್ಡ್ ಕೊಟ್ಟ, ಮಲಗಿದ, ಎದ್ದು ಬಂದ."

ಹಾಗಂತ ಊರಿನದ್ದೆಲ್ಲ ಚಿನ್ನ ಅಂತ ನಾನು ಹೇಳೋದಿಲ್ಲ. ಯಶಸ್ವಿನಿ ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ ಇದ್ದದ್ದು. ದಿನಾ ತಗೊಳ್ಳುವ ಸಕ್ಕರೆ ಕಾಯಿಲೆ ಮಾತ್ರೆಗೆ, ಬಿಪಿ ಮಾತ್ರೆಗೆ ಅದು ಆಗಿಬರುತ್ತಿರಲಿಲ್ಲ. ಸಹಕಾರ ಸಂಘದ ಸದಸ್ಯರಲ್ಲದವರು ಹೊರಗೇ ಉಳಿದರು. 2018ರಲ್ಲಿ ಅದನ್ನು 'ಆರೋಗ್ಯ ಕರ್ನಾಟಕ' ಯೋಜನೆಯೊಳಗೆ ಸೇರಿಸಿದರು. 2022ರಲ್ಲಿ ಮತ್ತೆ ಪ್ರತ್ಯೇಕವಾಗಿ ಶುರುಮಾಡಿದರು. ಭಾರತದಲ್ಲಿ ಆರೋಗ್ಯದ ಒಟ್ಟು ಖರ್ಚಿನಲ್ಲಿ ಜನ ಸ್ವಂತ ಜೇಬಿನಿಂದ ಕೊಡುವ ಪಾಲು 2013-14ರಲ್ಲಿ 64 ಪ್ರತಿಶತ ಇತ್ತು. ಸರಕಾರದ ಲೆಕ್ಕದ ಪ್ರಕಾರ 2021-22ರ ಹೊತ್ತಿಗೆ ಅದು 39 ಪ್ರತಿಶತಕ್ಕೆ ಇಳಿದಿದೆ. ಇಳಿದದ್ದು ನಿಜ, ಇನ್ನೂ ಬಹಳ ಇದೆ ಅನ್ನೋದೂ ನಿಜ. ಚಿಕಿತ್ಸೆಗೆ ಜಮೀನು ಮಾರಿದವರು ನಮ್ಮ ಎಲ್ಲರ ಬಳಗದಲ್ಲೂ ಒಬ್ಬರಾದರೂ ಇರುತ್ತಾರೆ.

ನನ್ನ ತಕರಾರು ಇಷ್ಟೇ. ಬಡ ದೇಶದಲ್ಲಿ ವ್ಯವಸ್ಥೆಯೇ ಇಲ್ಲ ಅಂತ ಒಂದು ಸಾಲಿನಲ್ಲಿ ತಳ್ಳಿಬಿಟ್ಟರೆ, ಶ್ರೀಮಂತ ದೇಶದ ಓದುಗರಿಗೆ ಒಂದು ದೊಡ್ಡ ಪಾಠ ತಪ್ಪಿಹೋಗುತ್ತೆ. ಸುಧಾರಣೆ ಮಾಡೋಕೆ ಮೊದಲು ಶ್ರೀಮಂತರಾಗಬೇಕಿಲ್ಲ. ವರ್ಷಕ್ಕೆ 60 ರೂಪಾಯಿ ಕೊಡುವ ರೈತರೂ ಶುರು ಮಾಡಬಹುದು.

ಭುಜ ಒಂದು ಸುಖದ ಕಾಯಿಲೆ

ಇನ್ನೊಂದು ಕೊರತೆ ಪುಸ್ತಕದ ಉಪಾಯದಲ್ಲೇ ಇದೆ. ಭುಜದ ನೋವು ಕಾಯಬಲ್ಲ ನೋವು. ಅದರಿಂದ ಯಾರೂ ಸಾಯುವುದಿಲ್ಲ, ಕೆಲಸ ಕಳೆದುಕೊಳ್ಳುವುದೂ ಕಡಿಮೆ. ನಮ್ಮ ದಕ್ಷಿಣ ಏಷ್ಯಾದವರಿಗೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಬೇರೆಯವರಿಗಿಂತ ಚಿಕ್ಕ ವಯಸ್ಸಿನಲ್ಲೇ ಬರುತ್ತೆ ಅಂತ ವೈದ್ಯರು ಹೇಳುತ್ತಲೇ ಇದ್ದಾರೆ. ಅಂಥ ಕಾಯಿಲೆಗೆ ಒಂದು ಸಲದ ಆಪರೇಷನ್ ಅಲ್ಲ, ಮೂವತ್ತು ನಲವತ್ತು ವರ್ಷದ ಮಾತ್ರೆ ಮತ್ತು ತಪಾಸಣೆ ಬೇಕು. ಯಾವ ದೇಶದ ವ್ಯವಸ್ಥೆ ಒಳ್ಳೆಯದು ಅಂತ ತಿಳಿಯೋಕೆ ಭುಜಕ್ಕಿಂತ ಸಕ್ಕರೆ ಕಾಯಿಲೆಯನ್ನು ಹೊತ್ತು ತಿರುಗಿದ್ದರೆ ಚೆನ್ನಾಗಿತ್ತು.

ವಲಸೆ ಬಂದವರ ಮಾತೂ ಪುಸ್ತಕದಲ್ಲಿ ಸಾಲದು. 'ಎಲ್ಲರಿಗೂ' ಅಂದಾಗ ಆ 'ಎಲ್ಲರಲ್ಲಿ' ನಾವು ಇದ್ದೀವಾ? ಬ್ರಿಟನ್ನಿನಲ್ಲಿ ವೀಸಾ ಮೇಲೆ ಇರುವ ಕನ್ನಡಿಗರು ತೆರಿಗೆಯ ಜೊತೆಗೆ ಆರೋಗ್ಯ ಶುಲ್ಕ ಅಂತ ಪ್ರತ್ಯೇಕವಾಗಿ ಕಟ್ಟುತ್ತಾರೆ, 2024ರಿಂದ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್. ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಮೇಲೆ ಬಂದ ತಂದೆತಾಯಿ 65 ದಾಟಿದ್ದರೂ, ಇಲ್ಲಿ ಕೆಲಸ ಮಾಡಿಲ್ಲದಿದ್ದರೆ, ಹಣ ಕೊಟ್ಟು ಮೆಡಿಕೇರ್ ಸೇರೋಕೂ ಐದು ವರ್ಷ ಇಲ್ಲೇ ವಾಸವಾಗಿರಬೇಕು. ಪ್ರವಾಸಿ ವೀಸಾದಲ್ಲಿ ಬಂದವರಂತೂ ಯಾವ ಪೆಟ್ಟಿಗೆಯಲ್ಲೂ ಇಲ್ಲ. ಎಲ್ಲರಿಗೂ ಅನ್ನೋ ವ್ಯವಸ್ಥೆ ಬಂದರೂ ಗೆರೆ ಎಲ್ಲಿ ಎಳೀತಾರೆ ಅನ್ನೋದು ನಮಗೆ ಮುಖ್ಯ. ಅದನ್ನು ಕೇಳಬೇಕಾದವರೂ ನಾವೇ.

ಕಾಯುವಿಕೆಯ ಬಗ್ಗೆ ಕೂಡ ಪ್ರಾಮಾಣಿಕವಾಗಿ ಮಾತಾಡಬೇಕು. ಇಂಗ್ಲೆಂಡಿನಲ್ಲಿ ಚಿಕಿತ್ಸೆಗೆ ಕಾಯುತ್ತಿರುವ ಸರದಿ 2023ರಲ್ಲಿ 70 ಲಕ್ಷ ದಾಟಿತ್ತು. ಲಂಡನ್‌ನಲ್ಲಿರುವ ಸ್ನೇಹಿತರನ್ನು ಕೇಳಿದರೆ ಮಂಡಿ ಆಪರೇಷನ್ನಿಗೆ ವರ್ಷ ಕಾದ ಕಥೆ ಹೇಳುತ್ತಾರೆ. ಜಪಾನಿನ ಕಡಿಮೆ ದರದಿಂದ ಅಲ್ಲಿನ ಎಷ್ಟೋ ಆಸ್ಪತ್ರೆಗಳು ನಷ್ಟದಲ್ಲಿವೆ ಅಂತ ರೀಡ್ ಅವರೇ ತಮ್ಮ ಸಾಕ್ಷ್ಯಚಿತ್ರದಲ್ಲಿ ತೋರಿಸಿದ್ದಾರೆ. ಯಾವ ವ್ಯವಸ್ಥೆಯೂ ಸ್ವರ್ಗವಲ್ಲ. ಆದರೆ ಇಂಗ್ಲೆಂಡಿನ ಸರದಿಯನ್ನು ಎಣಿಸುತ್ತಾರೆ, ಪತ್ರಿಕೆಯಲ್ಲಿ ಹಾಕುತ್ತಾರೆ, ಚುನಾವಣೆಯಲ್ಲಿ ಮಂತ್ರಿಗಳನ್ನು ಪ್ರಶ್ನಿಸುತ್ತಾರೆ. ಬಿಲ್ಲಿಗೆ ಹೆದರಿ ಡಾಕ್ಟರ ಹತ್ತಿರ ಹೋಗದೇ ಮನೆಯಲ್ಲೇ ಉಳಿದ ಅಮೆರಿಕದವರು ಯಾವ ಸರದಿಯಲ್ಲೂ ನಿಂತಿರುವುದಿಲ್ಲ. ಅವರ ಕಾಯುವಿಕೆ ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಪುಸ್ತಕದ ನಂತರದ ವರ್ಷಗಳು

2009ರ ನಂತರ ಏನಾಯಿತು? 2010ರ ಕಾನೂನು ದೊಡ್ಡ ಹೆಜ್ಜೆಯೇ. ಮೊದಲೇ ಕಾಯಿಲೆ ಇದೆ ಅಂತ ಆರೋಗ್ಯ ವಿಮೆ ನಿರಾಕರಿಸುವಂತಿಲ್ಲ. ಮಕ್ಕಳು 26 ವರ್ಷದವರೆಗೆ ತಂದೆತಾಯಿಯ ವಿಮೆಯಲ್ಲಿರಬಹುದು. ಬಡವರ ಮೆಡಿಕೇಡ್ ವಿಸ್ತರಣೆಯಾಯಿತು. ಆದರೆ 2012ರಲ್ಲಿ ಸುಪ್ರೀಂ ಕೋರ್ಟ್ ಆ ವಿಸ್ತರಣೆ ರಾಜ್ಯಗಳ ಇಷ್ಟಕ್ಕೆ ಬಿಟ್ಟದ್ದು ಅಂದಿತು. ನಮ್ಮವರು ಬಹಳ ಜನ ಇರುವ ಟೆಕ್ಸಾಸ್ ಈವರೆಗೂ ಒಪ್ಪಿಲ್ಲ. ವಿಮೆ ಇಲ್ಲದವರ ಸಂಖ್ಯೆ ಇಳಿದಿದೆ, ಆದರೂ 2023ರಲ್ಲಿ ಸುಮಾರು 2.6 ಕೋಟಿ ಜನ ವಿಮೆ ಇಲ್ಲದೇ ಇದ್ದರು.

ದರದ ಗಂಟನ್ನು ಮಾತ್ರ ಆ ಕಾನೂನು ಬಿಚ್ಚಲಿಲ್ಲ. ಕಂಪನಿ ಮೂಲಕ ಸಿಗುವ ಕುಟುಂಬದ ವಿಮೆಗೆ 2024ರಲ್ಲಿ ಸರಾಸರಿ ಪ್ರೀಮಿಯಂ ವರ್ಷಕ್ಕೆ 25,500 ಡಾಲರ್ ದಾಟಿದೆ. ಅದರಲ್ಲಿ ಹೆಚ್ಚಿನ ಪಾಲು ಕಂಪನಿ ಕಟ್ಟುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆದರೆ ಅದು ನಮಗೆ ಸಂಬಳವಾಗಿ ಬರಬಹುದಾಗಿದ್ದ ಹಣವೇ. ಕೆಲಸ ಹೋದ ದಿನ ಅದು ಕಣ್ಣಿಗೆ ಬೀಳುತ್ತೆ. ಹಳೆಯ ವಿಮೆಯನ್ನೇ ಮುಂದುವರಿಸಬೇಕೆಂದರೆ 'ಕೋಬ್ರಾ' ಕಾನೂನಿನಲ್ಲಿ ಪೂರ್ತಿ ಪ್ರೀಮಿಯಂ ಜೊತೆಗೆ ಎರಡು ಪ್ರತಿಶತದವರೆಗೆ ಸೇರಿಸಿ ನಾವೇ ಕಟ್ಟಬೇಕು. ಎಚ್-1ಬಿ ಮೇಲೆ ಇದ್ದವರಿಗೆ ಹೊಸ ಕೆಲಸ ಹುಡುಕೋಕೆ ಸಿಗುವುದೇ 60 ದಿನ. ಸಂಬಳ ನಿಂತಿರುವ ಆ ಎರಡು ತಿಂಗಳಲ್ಲಿ ಮಗುವಿಗೆ ಜ್ವರ ಬಂದರೆ ತಾಯಿ ಥರ್ಮಾಮೀಟರಿನ ಜೊತೆ ಬ್ಯಾಂಕಿನ ಖಾತೆಯನ್ನೂ ನೋಡುತ್ತಾಳೆ.

ಬದಲಾವಣೆ ಆಗೋದೇ ಇಲ್ಲ ಅನ್ನುವವರಿಗೆ ರೀಡ್ ಎರಡು ದೇಶ ತೋರಿಸುತ್ತಾರೆ. ತೈವಾನಿನಲ್ಲಿ 1995ರ ಮಾರ್ಚ್‌ನಲ್ಲಿ ಎಲ್ಲರಿಗೂ ಒಂದೇ ವಿಮೆ ಶುರುವಾಯಿತು. ಅದಕ್ಕೂ ಮುನ್ನ ಹೆಚ್ಚುಕಡಿಮೆ 40 ಪ್ರತಿಶತ ಜನಕ್ಕೆ ವಿಮೆ ಇರಲಿಲ್ಲ, ವರ್ಷ ಮುಗಿಯುವುದರೊಳಗೆ 90 ಪ್ರತಿಶತಕ್ಕೂ ಹೆಚ್ಚು ಜನ ಒಳಗೆ ಬಂದರು. ಸ್ವಿಟ್ಜರ್ಲೆಂಡಿನಲ್ಲಿ, ಅಂದರೆ ದೊಡ್ಡ ದೊಡ್ಡ ವಿಮಾ ಕಂಪನಿಗಳ ತವರಿನಲ್ಲಿ, 1994ರ ಜನಮತಗಣನೆಯಲ್ಲಿ ಸಣ್ಣ ಅಂತರದಿಂದ ಸುಧಾರಣೆ ಗೆದ್ದಿತು. ಮೂಲ ವಿಮೆಯಲ್ಲಿ ಲಾಭ ಮಾಡುವಂತಿಲ್ಲ ಅಂತ ಆಯಿತು. ಕಂಪನಿಗಳು ಮುಚ್ಚಿಹೋಗಲಿಲ್ಲ. ಈ ಎರಡೂ ನಡೆದದ್ದು, ಅಮೆರಿಕದಲ್ಲಿ ಕ್ಲಿಂಟನ್ ಅವರ ಯೋಜನೆ ಬಿದ್ದುಹೋದ ಆ ಕೆಲವೇ ವರ್ಷಗಳಲ್ಲಿ.

ನಮಗ್ಯಾಕೆ?

ಇಷ್ಟು ಹೇಳಿದ ಮೇಲೆ ಕೂಟದಲ್ಲಿ ಒಂದು ಮಾತು ಬಂದೇ ಬರುತ್ತೆ: "ನಮಗೆ ಕಂಪನಿ ಇನ್ಶೂರೆನ್ಸ್ ಇದೆಯಲ್ಲ, ಬಿಡಿ." ನಾನೂ ಹತ್ತು ವರ್ಷ ಹಾಗೇ ಅಂದಿದ್ದೇನೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನಮಗೆ ಇರುವುದು ಕೆಲಸ ಇರುವವರೆಗಿನ ಆರೋಗ್ಯ.

ಇಲ್ಲೇ ಹುಟ್ಟಿ ಬೆಳೆದು, ಈಗ ಕನ್ನಡ ಓದಲು ಕಲಿಯುತ್ತಿರುವ ಕಿರಿಯರಿಗೆ ಒಂದು ಮಾತು. ನಿಮ್ಮಲ್ಲಿ ಬಹಳ ಜನ ಅಪ್ಪ ಅಮ್ಮನ ವಿಮೆಯಲ್ಲಿದ್ದೀರಿ. 26ನೇ ಹುಟ್ಟುಹಬ್ಬದ ಹೊತ್ತಿಗೆ ಆ ರಕ್ಷಣೆ ಮುಗಿಯುತ್ತೆ. ಸಂಗೀತ ಕಲಿಯಬೇಕು, ಸಣ್ಣ ಕಂಪನಿ ಶುರು ಮಾಡಬೇಕು, ಒಂದು ವರ್ಷ ಊರಿಗೆ ಹೋಗಿ ಅಜ್ಜಿಯ ಜೊತೆ ಇರಬೇಕು ಅನ್ನೋ ಆಸೆಗಳನ್ನೆಲ್ಲ ಆಗ ಈ ಲೆಕ್ಕದಲ್ಲಿ ಅಳೆಯಬೇಕಾಗುತ್ತೆ. ನಿಮ್ಮಲ್ಲಿ ಹೆಚ್ಚಿನವರಿಗೆ ಇಲ್ಲಿ ಮತ ಇದೆ. ನಮ್ಮಲ್ಲಿ ಅನೇಕರಿಗೆ ಇನ್ನೂ ಇಲ್ಲ. ಚುನಾವಣೆಗೆ ನಿಂತವರು ನಿಮ್ಮ ಬಾಗಿಲಿಗೆ ಬಂದಾಗ ಅವರ ಪಕ್ಷ ಯಾವುದೇ ಇರಲಿ, ಎರಡು ಪ್ರಶ್ನೆ ಕೇಳಿ. ಇದು ಎಲ್ಲರಿಗೂ ಸಿಗುತ್ತಾ? ದರ ಯಾರು ಗೊತ್ತು ಮಾಡ್ತಾರೆ? ಎರಡನೆಯದಕ್ಕೆ ಉತ್ತರ ಇಲ್ಲದಿದ್ದರೆ ಮೊದಲನೆಯದಕ್ಕೆ ಕೊಟ್ಟ ಉತ್ತರವೂ ಹೆಚ್ಚು ದಿನ ನಿಲ್ಲೋದಿಲ್ಲ.

ಅಲ್ಲಿಯವರೆಗೆ ಮಾಡಬಹುದಾದ ಸಣ್ಣ ಕೆಲಸವೂ ಇದೆ. ಬಿಲ್ ಬಂದ ತಕ್ಷಣ ಕಟ್ಟಬೇಡಿ. ಪ್ರತಿ ಖರ್ಚಿನ ವಿವರ ಕೇಳಿ ಪಡೆಯಿರಿ. ಲಾಭರಹಿತ ಆಸ್ಪತ್ರೆಗಳು ಆದಾಯ ಕಡಿಮೆ ಇರುವವರಿಗೆ ನೆರವಿನ ನೀತಿಯೊಂದನ್ನು ಇಟ್ಟಿರಲೇಬೇಕು ಅಂತ ಕಾನೂನಿದೆ, ಆ ಅರ್ಜಿ ಕೇಳಿ. ಗೊತ್ತಿಲ್ಲದವರಿಗೆ ಫೋನ್ ಮಾಡಿಕೊಡಿ.

ಅಮ್ಮ ಸೆಪ್ಟೆಂಬರಿನಲ್ಲಿ ಊರಿಗೆ ವಾಪಸ್ಸಾದಳು. ಆಪರೇಷನ್ ಅಲ್ಲೇ ಮಾಡಿಸಿಕೊಂಡಳು, ಖಾಸಗಿ ಆಸ್ಪತ್ರೆಯಲ್ಲಿ, ನಮ್ಮದೇ ದುಡ್ಡಿನಲ್ಲಿ. ಸೇರುವ ಹಿಂದಿನ ದಿನ ಫೋನ್ ಮಾಡಿದ್ದಳು. "ಎಷ್ಟಾಗುತ್ತೆ ಅಂತ ಮೊದಲೇ ಬರೆಸಿಕೊಂಡಿದೀನಿ ಕಣೋ. ಹೆಚ್ಚಾದ್ರೆ ಕೇಳ್ತೀನಿ" ಅಂದಳು. ಹೆಚ್ಚಾಯಿತು. ಕೇಳಿದಳು. ಎರಡು ಸಾವಿರ ಬಿಟ್ಟರಂತೆ.